ಬೇರೆಯವರ ಹಿತ್ತಲಲ್ಲಿ ಹೂಡಿದ ಒಲೆ

ಜೋಯಿಡಾ ಕಡೆಗೆ ಬಂದ ಮರುದಿನ ನಸುಕಿನಲ್ಲಿ ಬಾಗಿಲ ಮುಂದೆ ಯಾರೋ ಪೋಂ ಪೋಂ ಎಂದು ರಬ್ಬರ್ ಹಾರ್ನ್ ಒತ್ತಿದರು. ಹಾಲಿನವನೇ ಇರಬೇಕೆಂದು ಪಾತೇಲಿ ಹಿಡಿದು ಓಡಿದೆ. ಸೈಕಲ್ಲಿನ ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಸರಿಸಿ ಒಬ್ಬ ಮುದುಕ ನನ್ನ ಪಾತೇಲಿಯೊಳಗೆ ಬಿಸಿಬಿಸಿ ಪಾವು ಹಾಕಿ ನಿಂತ. "ಯಜ್ಜಾ, ನಮ್ಮನ್ಯಾಗ ಯಾರಿಗೂ ಜ್ವರ ಬಂದಿಲ್ಲೋ!" ಎಂದೆ. ನೀವೇ ಹೇಳಿ, ನಮ್ಮಲ್ಲಿ ಬ್ರೆಡ್ಡು ತಿನ್ನುವವರು ಜ್ವರ ಬಂದವರಲ್ಲದೆ ಮತ್ಯಾರು? ಅವನಿಗೆ ಕನ್ನಡ ತಿಳಿಯದು, ನನಗೆ ಕೊಂಕಣಿ ತಿಳಿಯದು. ಪಕ್ಕದ ಬಾಗಿಲಿನಿಂದ ಒಂದು ದೊಡ್ಡ ನಗು ಕೇಳಿಸಿತು. ಆ ನಗು ನಮ್ಮ ಮನೆಯೊಡತಿ ನತಾಲಿನ್‌ಬಾಯಿಯವರದು.

ನನ್ನ ಗಂಡ ದಾಂಡೇಲಿಯ ಒಂದು ಗಿರಣಿಯಲ್ಲಿ ಫಿಟ್ಟರ್. ಪ್ರವಾಸಿಗರ ಹಾವಳಿಯಿಂದ ಪೇಟೆಯಲ್ಲಿ ಬಾಡಿಗೆಗೆ ಮನೆ ಸಿಗುವುದೇ ಕಷ್ಟವಾಗಿತ್ತು. ಹಾಗಾಗಿ ಜೋಯಿಡಾ ರಸ್ತೆಯ ಈ ಹಳ್ಳಿಯಲ್ಲಿ ನತಾಲಿನ್‌ಬಾಯಿಯವರ ಮನೆಯ ಅರ್ಧ ಭಾಗ ಹಿಡಿದೆವು. ಅವರಿಗೆ ಗಂಡನಿಲ್ಲ. ಅವರ ಅಡುಗೆಮನೆಗೂ ನನ್ನ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಇಬ್ಬರಿಗೂ ಒಂದೇ ಹಿತ್ತಲು.

ಧಾರವಾಡದ ಹತ್ತಿರದ ನಮ್ಮೂರಲ್ಲಿ ಮಾಳಿಗೆ ಹತ್ತಿದರೆ ಸುತ್ತಲಿನ ಊರುಗಳ ಗುಡಿ, ನೀರಿನ ಟಾಕಿ ಎಲ್ಲ ಕಾಣುತ್ತವೆ. ಇಲ್ಲಿ ಅಂಗಳಕ್ಕೆ ಬಂದರೆ ಎದುರಿಗೆ ಮರ, ಮರದ ಹಿಂದೆ ಮರ. ಅಲ್ಲಿ ಎರೆಮಣ್ಣು ಕಾಲಿಗೆ ಅಂಟಿ ಬಿಡದು. ಇಲ್ಲಿಯ ಕೆಮ್ಮಣ್ಣು ಸೀರೆಯ ಅಂಚಿಗೆ ಹತ್ತಿ ಒಗೆದರೂ ಹೋಗದು. ಅಲ್ಲಿ ಬೆಳಗಾದರೆ ಓಣಿ ತುಂಬ ರೊಟ್ಟಿ ಬಡಿಯುವ ಸದ್ದು. ಇಲ್ಲಿ ಬೆಳಿಗ್ಗೆ 'ಪೇಜ್', ಅಂದರೆ ಗಂಜಿ. ಹಳಿಯಾಳದ ಸಂತೆಯಿಂದ ಜೋಳ ತರಿಸಿಕೊಂಡು ನಾನೊಬ್ಬಳೇ ರೊಟ್ಟಿ ಬಡಿಯುತ್ತಿದ್ದೆ. ಗಂಡ ಕೆಲಸಕ್ಕೆ ಹೋದ ಮೇಲೆ ಮಾತಿಗೆ ಯಾರೂ ಇಲ್ಲದೆ ಒಲೆಯ ಜೊತೆಗೇ ಮಾತಾಡುತ್ತಿದ್ದೆ. ಅದನ್ನು ಗೋಡೆಯಾಚೆಯಿಂದ ಕೇಳಿದ ನತಾಲಿನ್‌ಬಾಯಿ ಒಂದು ದಿನ ಒಳಗೇ ಬಂದರು. "ಯಾರ ಜೋಡಿ ಮಾತಾಡ್ತಿ ಗೊ? ನನ್ನ ಜೋಡಿ ಆಡ" ಎಂದರು. 'ಗೊ' ಎಂದರೆ ನಮ್ಮ 'ಏ ತಂಗಿ' ಇದ್ದ ಹಾಗೆ. ಅವರನ್ನು ನಾನು 'ಮಾಂಯ್' ಎಂದು ಕರೆಯತೊಡಗಿದೆ. ಮಾಂಯ್ ಎಂದರೆ ಅವ್ವ. ಅವರ ಬಾಯಿಂದಲೇ ದಿನಕ್ಕಿಷ್ಟು ಕೊಂಕಣಿ ಕಲಿಯತೊಡಗಿದೆ.

ಹೀಗಿರುವಾಗ ಪಾವಿನ ಮುದುಕನಿಗೆ ಮಂಡಿನೋವು ಹೆಚ್ಚಾಗಿ ಬರುವುದು ನಿಂತಿತು. ಅಷ್ಟರಲ್ಲಿ ನನಗೂ ಆ ಪಾವಿನ ರುಚಿ ಹತ್ತಿಬಿಟ್ಟಿತ್ತು. "ನಮ್ಮ ಅತ್ತಿ ಕಾಲದಾಗ ಇದ ಹಿತ್ತಲದಾಗ ಫೊರ್ನ್ ಇತ್ತು. ಬಿದ್ದು ಹೋತು" ಎಂದು ಮಾಂಯ್ ನಿಟ್ಟುಸಿರಿಟ್ಟರು. ಫೊರ್ನ್ ಎಂದರೆ ಪಾವು ಸುಡುವ ಇಟ್ಟಿಗೆಯ ಒಲೆ.

"ಬಿದ್ದರ ಬೀಳ್ಲಿ, ಮತ್ತ ಕಟ್ಟೂಣು ತಗೋರಿ" ಎಂದೆ.

"ಕಟ್ಟಾವರ್ ಯಾರ ಗೊ?"

"ನಾ ಅದೀನಲ್ಲ!"

ಹೇಳಿ ಕೂತೆ, ಇನ್ನು ಬಿಡುವ ಹಾಗಿಲ್ಲ. ಗಂಡನಿಗೆ ದುಂಬಾಲು ಬಿದ್ದು ಹಳಿಯಾಳದ ಭಟ್ಟಿಯಿಂದ ಇಟ್ಟಂಗಿ ತರಿಸಿದೆ. "ಮಂದಿ ಬಂಗಾರ ಕೇಳ್ತಾರ, ನೀ ಇಟ್ಟಂಗಿ ಕೇಳ್ತಿ" ಎಂದು ಅವರು ನಕ್ಕರು. ಕೆಂಪುಕಲ್ಲಿನ ಕಟ್ಟೆ ಎದ್ದಿತು. ಅದರ ಮೇಲೆ ಮರಳು, ಒಡೆದ ಬಾಟಲಿಯ ಗಾಜು, ಕಲ್ಲುಪ್ಪು ಹಾಸಬೇಕೆಂದರು ಮಾಂಯ್; ಶಾಖ ಹಿಡಿದಿಡುವುದು ಅವೇ ಅಂತೆ. ಉಪ್ಪು ಚೆಲ್ಲಿದರೆ ಬೈಸಿಕೊಂಡು ಬೆಳೆದವಳು ನಾನು. ಬುಟ್ಟಿಗಟ್ಟಲೆ ಉಪ್ಪು ಸುರಿಯುವ ಮೊದಲು ಒಂದು ಹರಳು ಕಣ್ಣಿಗೊತ್ತಿಕೊಂಡೆ. ಆಮೇಲೆ ಹಸಿ ಮರಳನ್ನು ಗುಮ್ಮಟದ ಹಾಗೆ ಗುಡ್ಡೆ ಹಾಕಿ, ಅದರ ಮೇಲೆ ಒದ್ದೆ ಪೇಪರ್ ಹೊದಿಸಿ, ಮಣ್ಣು ಮೆತ್ತುತ್ತ ಇಟ್ಟಂಗಿ ಕೂರಿಸುತ್ತ ಹೋದೆವು. ಒಣಗಿದ ಮೇಲೆ ಒಲೆಯ ಬಾಯಿಂದ ಕೈ ಹಾಕಿ ಒಳಗಿನ ಮರಳನ್ನೆಲ್ಲ ಬಗೆದು ತೆಗೆದೆ. ಗುಮ್ಮಟ ನಿಂತಿತು! ಖುಷಿಗೆ ಮಾಂಯ್ ಅವರನ್ನು ತಬ್ಬಿಕೊಂಡೆ. ಇಬ್ಬರ ಬೆನ್ನ ಮೇಲೂ ಮಣ್ಣಿನ ಕೈಗುರುತು.

ಕೆಲವು ದಿನ ಸಣ್ಣ ಉರಿ ಹಾಕಿ ಒಣಗಿಸಿ, ಪಾವು ಸುಡುವ ಹಿಂದಿನ ದಿನ ನಾನು ಒಂದು ಘನಕಾರ್ಯ ಮಾಡಿದೆ. ಒಲೆ ಎಂದರೆ ಸಾರಿಸಬೇಕಲ್ಲ? ಫೊರ್ನಿನ ಒಳಗೂ ಸೆಗಣಿಯಿಂದ ಚೆಂದಾಗಿ ಸಾರಿಸಿ ಅರಿಷಿಣ ಕುಂಕುಮ ಹಚ್ಚಿದೆ. ಮೊದಲ ಪಾವಿಗೆಲ್ಲ ಕುಳ್ಳಿನ ವಾಸನೆ. "ಎಮ್ಮಿಗೂ ಪಾಲು ಕೊಟ್ಟಿ ಏನ್ ಗೊ!" ಎಂದು ಮಾಂಯ್ ಹೊಟ್ಟೆ ಹಿಡಿದು ನಕ್ಕರು. ಎರಡನೆಯ ಸಲ ಸರಿಯಾಯಿತು. ಹಿತ್ತಲಿನ ಗೇರುಮರದ ಒಣ ಕೊಂಬೆ ಉರಿಸಿ, ಕೆಂಡ ಎಳೆದು, ಶೇಂದಿ ಹಾಕಿ ಉಬ್ಬಿಸಿದ ಹಿಟ್ಟು ಒಳಗಿಟ್ಟರೆ ಊರಿಗೆಲ್ಲ ಪರಿಮಳ. ಜನ ಡಬ್ಬಿ ಹಿಡಿದು ಬಂದರು. ನನಗೆ 'ಫೊರ್ನಾಚೆಂ ಬಾಯ್' ಎಂದು ಹೆಸರಾಯಿತು, ಒಲೆಯ ಹುಡುಗಿ ಎಂದು. ಗಿರಣಿಯವನ ಹೆಂಡತಿ ಎಂದಷ್ಟೇ ಗುರುತಿದ್ದವಳಿಗೆ ಅದೇನು ಸಣ್ಣ ಬಿರುದೇ?

ಇನ್ನೊಂದು ಮಾತು ನಿಮಗೆ ಹೇಳಿದರೆ ಅರ್ಥವಾಗುತ್ತದೆ, ಇಲ್ಲಿಯವರಿಗೆ ಆಗಲಿಲ್ಲ. ನಮ್ಮಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ 'ಒಲಿ ಬ್ಯಾರೆ ಆತು' ಅನ್ನುತ್ತೇವೆ. ನನ್ನ ಅತ್ತೆ ತಮ್ಮ ಹಿತ್ತಲಲ್ಲಿ ಹೊರಗಿನವರಿಗೆ ಮೂರು ಕಲ್ಲಿಟ್ಟು ನೀರು ಕಾಯಿಸಲೂ ಬಿಟ್ಟವರಲ್ಲ. "ಒಲಿ ಹೂಡಾಕ ಬಿಟ್ರ ಮನಿಯಾಕಿ ಆದಂಗ" ಎನ್ನುತ್ತಿದ್ದರು. ಮಾಂಯ್ ತಮ್ಮ ಹಿತ್ತಲಲ್ಲಿ ನನಗೆ ಒಲೆ ಹೂಡಲು ಬಿಟ್ಟರು. ನಾನು ಮನೆಯವಳಾದೆ ಎಂದುಕೊಂಡೆ. ಯಾವ ಕರಾರೂ ಕೇಳಲಿಲ್ಲ. ಅವ್ವನ ಹತ್ತಿರ ಯಾರು ಕರಾರು ಕೇಳುತ್ತಾರೆ?

ಪಂಚಮಿಗೆ ತವರಿಗೆ ಹೊರಟಾಗ ಮಾಂಯ್ ತಾವೇ ಪಾವು ಸುಟ್ಟು ಬಟ್ಟೆಯಲ್ಲಿ ಕಟ್ಟಿಕೊಟ್ಟರು. "ನಿಮ್ಮವ್ವಗ ನಾ ಕೊಟ್ಟೇನಿ ಅಂತ ಹೇಳ" ಎಂದರು. ಊರಲ್ಲಿ ಜೋಕಾಲಿ, ಉಂಡಿ ಎಲ್ಲ ಆಯಿತು. ಅತ್ತಿಗೆ ಗಂಟು ಬಿಚ್ಚಿ ನೋಡಿ "ಯಾರಿಗೆ ಆರಾಮ ಇಲ್ಲವಾ?" ಎಂದಳು. ನನ್ನನ್ನು ಎಲ್ಲರೂ 'ಅಡವ್ಯಾಗಿನಾಕಿ' ಎಂದು ಕಾಡಿಸಿದರು. ನಗುತ್ತಲೇ ಇದ್ದೆ, ಆದರೆ ಹಿಟ್ಟು ಉಬ್ಬಿಸಲು ಬೇಗ ಮರಳಬೇಕೆಂಬ ಅವಸರ ಒಳಗೊಳಗೇ ಇತ್ತು.

ಮರಳಿ ಬಂದೆ. ಹಿತ್ತಲ ನಡುವೆ ಬಿದಿರಿನ ಬೇಲಿ. ಬೇಲಿಯಾಚೆ ನನ್ನ ಒಲೆ, ಅದರ ಮೇಲೆ ಹೊಸ ತಗಡಿನ ಚಪ್ಪರ, ಚಪ್ಪರಕ್ಕೆ ಬಣ್ಣದ ದೀಪದ ಸರ, 'ಕಟ್ಟಿಗೆ ಒಲೆಯ ಪಿಜ್ಜಾ' ಎಂಬ ಬೋರ್ಡು. ಹಿಟ್ಟು ನಾದುವ ನನ್ನ ಮರದ ಮರಿಗೆಯನ್ನು ನನ್ನ ಮೆಟ್ಟಿಲ ಮೇಲೆ ಬೋರಲು ಹಾಕಿಟ್ಟಿದ್ದರು. ದಾಂಡೇಲಿಯಲ್ಲಿರುವ, ಮಾಂಯ್ ಅವರ ತಮ್ಮನ ಮಗ ಆ ಮನೆಯನ್ನು ಹೋಂಸ್ಟೇ ಮಾಡುತ್ತಾನಂತೆ. ನಾವಿರುವ ಅರ್ಧವೂ ಬೇಕಂತೆ. ಗಂಡನಿಗೆ ಮಾಂಯ್ ಆಗಲೇ ಹೇಳಿದ್ದರು. ಹಬ್ಬದ ಹೊತ್ತಿಗೆ ಮನಸ್ಸು ಕೆಡಿಸುವುದು ಬೇಡವೆಂದು ಗಂಡ ನನಗೆ ಫೋನಿನಲ್ಲಿ ತಿಳಿಸಿರಲಿಲ್ಲ.

ಬಸ್ಸಿಳಿದ ಕೆಸರು ಸೀರೆಯಲ್ಲೇ ಹೋಗಿ ಕೇಳಿದೆ. "ಮಾಂಯ್, ಪಂಚಮಿಗೆ ನನ್ನ ಕಳಸೂ ಮುಂದ ಇದು ನಿಮಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತು."

"ಗೊತ್ತಿದ್ದೂ ಪಾವು ಕಟ್ಟಿಕೊಟ್ರಿ?"

ಅವರು ತಲೆ ತಗ್ಗಿಸಿ ಮೊರದಲ್ಲಿನ ಅಕ್ಕಿ ಆರಿಸತೊಡಗಿದರು.

"ಒಲಿ ನಾ ಹೂಡೀನ್ರಿ! ನನ್ನ ಉಗುರಾಗಿನ ಮಣ್ಣ ಇನ್ನೂ ಹೋಗಿಲ್ಲ!"

ಆಗ ಅವಳು ತಲೆ ಎತ್ತಿದಳು. ಇಲ್ಲಿಯವರೆಗೆ 'ಅವರು' ಎಂದು ಬರೆದೆ; ಇನ್ನು ಬರೆಯಲು ಕೈ ಏಳುತ್ತಿಲ್ಲ. "ಜಾಗಾ ನಂದು ಬಾಯ್. ನೀ ಬಂದಾಗಿಂದ ದಿನಾ ಏನ ಅಂದಿ? ನಮ್ಮೂರಾಗ ಹಂಗ, ನಮ್ಮೂರಾಗ ಹಿಂಗ. ಅನ್ನ ಬಡಿಸಿದ್ರ ನಮ್ಮೂರ ಅನ್ನ, ಮಳಿ ಬಂದ್ರ ನಮ್ಮೂರ ಮಳಿ. ಗಿರಣಿ ಮಂದಿ ಎಲ್ಲಾ ಒಂದಿನ ಹೋಗಾವ್ರ. ನೀನೂ ಹೋಗಾಕಿ ಅಂತ ತಿಳಕೊಂಡ್ನಿ. ನನ್ನ ತಮ್ಮನ ಮಗ ಇಲ್ಲೇ ಇರಾಂವ."

ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ. ಊರು ಬಿಟ್ಟವಳು ಊರಿನ ಮಾತಾಡದೆ ಮತ್ತೇನು ಮಾತಾಡಬೇಕು? ಊರು ನೆನೆದವಳೆಲ್ಲ ಗಂಟು ಕಟ್ಟಿ ಕೂತಿರುತ್ತಾಳೆಯೇ? ಗೆದ್ದಲು ಕಟ್ಟಿದ ಹುತ್ತ ಹಾವಿಗಾಯಿತು. ಅಂದು ಅತ್ತುಬಿಟ್ಟೆ. ಮನೆ ಹೋಯಿತೆಂದಲ್ಲ, ಬಾಡಿಗೆಯ ಮನೆ, ಎಂದಾದರೂ ಹೋಗುವುದೇ. ನಾನು ಅವಳನ್ನು ಅವ್ವ ಎಂದು ಕರೆಯುತ್ತಿದ್ದಾಗ ಅವಳು ನನ್ನನ್ನು ದಾರಿಹೋಕಳೆಂದೇ ನೋಡುತ್ತಿದ್ದಳಲ್ಲ, ಅದಕ್ಕೆ ಅತ್ತೆ.

"ನಡಿ, ನಮ್ಮೂರ ಹಾದಿ ಹಿಡಿಯೂಣು" ಎಂದರು ಗಂಡ. ನಾನು ಒಪ್ಪಲಿಲ್ಲ. ಹೋದರೆ ಅವಳ ಮಾತೇ ಖರೆಯಾದ ಹಾಗೆ. ಅದೇ ಹಳ್ಳಿಯ ಮೇಲಿನ ಓಣಿಯಲ್ಲಿ ಬೇರೆ ಮನೆ ಹಿಡಿದೆವು. ಬೇಕಂತಲೇ ದಿನಾ ಅವಳ ಗೇಟಿನ ಮುಂದೆಯೇ ಹಾದು ಕಿರಾಣಿ ಅಂಗಡಿಗೆ ಹೋಗುತ್ತೇನೆ.

ಮೊನ್ನೆ ಮಧ್ಯಾಹ್ನ ಅವಳೇ ನಮ್ಮ ಬಾಗಿಲಿಗೆ ಬಂದಳು. ಸೆರಗಿನ ಮರೆಯಲ್ಲಿ ಒಂದು ಪಾವು. ತಳ ಕರ್ರಗೆ ಸೀದಿದೆ, ಮೇಲೆ ಬಿಳಿಚಿಕೊಂಡಿದೆ. "ನನ್ನ ಕಣ್ಣ ಮಂಜು, ಕೆಲಸದ ಹುಡುಗರ ಕೈ ಕೂಡವಲ್ದು. ಏನ್ ಮಾಡ್ಬೇಕ ಹೇಳ ಗೊ" ಎಂದಳು.

"ನಾ ಹೊರಗಿನಾಕಿ, ನನಗೇನ ಗೊತ್ತ್ರಿ?" ಎಂದೆ.

ಅವಳು ಪಾವನ್ನು ಮತ್ತೆ ಸೆರಗಿನ ಮರೆಗೆ ಸೇರಿಸಿ ತಿರುಗಿದಳು. ಚಪ್ಪಲಿ ಎಳೆಯುತ್ತ ಅಂಗಳದ ತುದಿಯವರೆಗೆ ಹೋದಳು. ಹೋಗಲಿ, ಸುಟ್ಟುಕೊಂಡು ತಿನ್ನಲಿ ಎಂದು ಹಲ್ಲು ಕಚ್ಚಿದೆ. ಆದರೆ ಸೀಯುತ್ತಿದ್ದುದು ನನ್ನ ಒಲೆಯ ಪಾವು. ತಡೆಯಲಾಗಲಿಲ್ಲ. "ಮಾಂಯ್, ರಾವ್!" ಎಂದು ಕೂಗಿದೆ. ರಾವ್ ಎಂದರೆ ನಿಲ್ಲು. ಕೆಂಡ ಎಳೆದ ಕೂಡಲೇ ಹಿಟ್ಟು ಇಡಬಾರದು, ಒದ್ದೆ ಗೋಣಿಯಿಂದ ತಳ ಒರೆಸಿ, ಬಾಯಿ ಮುಚ್ಚಿ, ಗುಮ್ಮಟದ ಶಾಖ ಎಲ್ಲ ಕಡೆ ಸಮನಾಗಿ ಹರಡುವವರೆಗೆ ಕಾಯಬೇಕು ಎಂದು ಬಿಡಿಸಿ ಹೇಳಿದೆ. ಅವಳು ತಲೆಯಾಡಿಸಿ ಹೋದಳು. ನಾನು ಅವಳನ್ನು ಕ್ಷಮಿಸಿಲ್ಲ. ಒಲೆಯ ಗುಟ್ಟನ್ನೆಲ್ಲ ನಾನು ಹೇಳಿದ್ದು ಕೊಂಕಣಿಯಲ್ಲಿ. ಬಾಗಿಲು ಹಾಕಿಕೊಂಡು ಅವಳನ್ನು ಬೈದದ್ದು ಮಾತ್ರ ನಮ್ಮೂರ ಮಾತಿನಲ್ಲಿ.