ಕಾಕಂಬಿ ವಾಸನೆಯ ಅಪ್ಪ

ಮೊನ್ನೆ ಶೇಂಗಾ ಉಂಡಿಗೆಂದು ಒಲೆಯ ಮೇಲಿಟ್ಟ ಬೆಲ್ಲದ ಪಾಕ ತಳ ಹಿಡಿದು ಸೀದಿತು. ಒಬ್ಬಳಿಗೆ ಯಾಕೆ ಬೇಕಿತ್ತು ಉಂಡಿ ಎಂದು ನನ್ನನ್ನೇ ಬೈದುಕೊಳ್ಳುತ್ತ ಕಿಟಕಿ ತೆರೆಯಲು ಹೋದವಳು ತೆರೆಯದೆ ನಿಂತೆ. ಮನೆತುಂಬ ಅಪ್ಪನ ವಾಸನೆ. ಅಪ್ಪ ಬೆಳಗಾವಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಅಚ್ಚು ಮಾಡುತ್ತಿದ್ದ. ಉಸುಕಿಗೆ ಕಬ್ಬಿನ ಕಾಕಂಬಿ ಕಲಸಿ ಮಾಡಿದ ಅಚ್ಚಿನೊಳಗೆ ಕರಗಿದ ಕಬ್ಬಿಣ ಸುರಿದಾಗ ಏಳುವ ಆ ಸುಟ್ಟ ಸಿಹಿ ಅವನ ಅಂಗಿಗೆ, ಕೂದಲಿಗೆ, ನಮ್ಮ ಅನಗೋಳದ ಮನೆಯ ಕೌದಿಗಳಿಗೂ ಹತ್ತಿಕೊಂಡಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ವಾಸನೆ ಇದ್ದೀತು. ಇದ್ದಾಗ ನೀವೂ ಮೂಗು ಮುಚ್ಚಿಕೊಂಡಿರುತ್ತೀರಿ.

ಉಸುಕು ಹದಕ್ಕೆ ಬಂದಿದೆಯೋ ಎಂದು ಅಪ್ಪ ಮುಷ್ಟಿಯಲ್ಲಿ ಹಿಂಡಿ, ಮುರಿದು ನೋಡುತ್ತಿದ್ದ. ಆ ಚಾಳಿ ಎಲ್ಲಿ ಹೋದರೂ ಬಿಡುತ್ತಿರಲಿಲ್ಲ. ಅವ್ವನ ತವರು ಖಾನಾಪುರಕ್ಕೆ ಹೋದರೆ ಮಲಪ್ರಭೆಯ ದಂಡೆಯಲ್ಲೂ ಕುಕ್ಕರಗಾಲಲ್ಲಿ ಕೂತು ಉಸುಕು ಹಿಂಡುವುದೇ. “ಹೊಳಿಗೆ ಕೈ ಮುಗೀರಿ ಅಂದ್ರ ಹೊಳೀನ ಹಿಂಡಾಕ ಕುಂತೀರಲ್ರಿ,” ಎಂದು ಅವ್ವ ಕಾಡುತ್ತಿದ್ದಳು. ಆಗ ಫೌಂಡ್ರಿಗೆ ಹೊರದೇಶದ ಆರ್ಡರ್ ಬಂದ ಹೊಸತು. ಹಡಗಿನ ಪಂಪಿನ ಮುಚ್ಚಳಗಳಂತೆ. ಅವುಗಳಿಂದಲೇ ನಮ್ಮ ಮನೆಗೆ ಸಿಮೆಂಟಿನ ನೆಲವಾಯಿತು, ನನಗೆ ಕಾಲೇಜಾಯಿತು. ಸಮುದ್ರವನ್ನೇ ಕಾಣದ ಅಪ್ಪ “ನನ್ನ ಕೈಯಾಗಿನ ಮಾಲು ಸಮುದ್ರದಾಗ ತಿರಗತೈತಿ” ಎಂದು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದ.

ಒಂದು ಮಳೆಗಾಲ ಆರ್ಡರ್ ನಿಂತಿತು. ಅದೇ ಮುಚ್ಚಳ ಬೇರೊಂದು ದೇಶದಲ್ಲಿ ಅಗ್ಗವಾಗಿ ಸಿಗುತ್ತದಂತೆ. ದೊಡ್ಡ ಫೌಂಡ್ರಿಗಳು ಯಂತ್ರ ತಂದು ಉಳಿದುಕೊಂಡವು, ಅಪ್ಪನದು ಬಾಗಿಲು ಹಾಕಿತು. ಅಪ್ಪ ಬಟ್ಟೆ ಅಂಗಡಿಯೊಂದರ ಬಾಗಿಲಲ್ಲಿ ಕಾವಲಿಗೆ ನಿಂತ. ಇಸ್ತ್ರಿ ಮಾಡಿದ ನೀಲಿ ಅಂಗಿ, ಯಾವ ವಾಸನೆಯೂ ಇಲ್ಲ. ನಮ್ಮ ಅನ್ನ ಕಸಿದ ಆ ದೇಶ ಹಾಳಾಗಿ ಹೋಗಲಿ ಎಂದೆ.

“ಹಂಗನಬ್ಯಾಡವಾ,” ಎಂದ ಅಪ್ಪ. “ಅಲ್ಲೂ ನನ್ನಂಗ ಒಬ್ಬಾವ ಉಸುಕು ಹಿಂಡತಿರತಾನ. ಅವನ ಮನ್ಯಾಗೂ ಹೆಣ್ಣಮಕ್ಕಳು ಸಾಲಿ ಕಲೀತಿರಬೇಕು.”

ಆಮೇಲೆ ಆ ಮನುಷ್ಯ ನಮ್ಮ ಮನೆಯವನೇ ಆಗಿಬಿಟ್ಟ. ಅಲ್ಲಿ ಮಳೆಯಾಗುತ್ತದೋ, ಅವನು ಏನು ಉಣ್ಣುತ್ತಾನೋ ಎಂದು ಅಪ್ಪ ಬೀಗರ ಯೋಗಕ್ಷೇಮ ಕೇಳುವಂತೆ ಕೇಳುತ್ತಿದ್ದ. ಜೊತೆಗೆ ದುಡಿದವರೆಲ್ಲ ಚದುರಿಹೋದ ಮೇಲೆ ಅಪ್ಪನಿಗೆ ಉಳಿದ ಜೊತೆಗಾರ ಆತನೊಬ್ಬನೇ.

ಈಗ ಅಪ್ಪನಿಲ್ಲ, ಅವ್ವನಿಲ್ಲ, ಅನಗೋಳದ ಮನೆಯಲ್ಲಿ ಬೇರೆಯವರಿದ್ದಾರೆ. ಆ ದೇಶದ ಕೆಲಸವೂ ಇನ್ನೂ ಅಗ್ಗದ ಕಡೆಗೆ ಹೊರಟುಹೋಯಿತೆಂದು ಯಾರೋ ಹೇಳಿದರು. ಕೇಳಿದ್ದರೆ ಅಪ್ಪ ಅವತ್ತು ಊಟ ಬಿಡುತ್ತಿದ್ದ. ಆ ಕಾಣದ ಮನುಷ್ಯನಿಗಾಗಿ ಮರುಗಲು ಈ ಊರಿನಲ್ಲಿ ಈಗ ನಾನೊಬ್ಬಳೇ ಇದ್ದೇನೆ.