ಬ್ರಾಕೆಟ್ಟಿನ ಕಾಲಬುಡದ ಅಕ್ಷರ

ಬೋರ್ಡಿನ ಮೇಲೆ ಸಮೀಕರಣ ಬರೆಯುವಾಗ ನಮ್ಮ ಫಿಸಿಕ್ಸ್ ಮೇಷ್ಟ್ರ ಕತ್ತಿನ ನರ ಬೆರಳು ದಪ್ಪ ಉಬ್ಬುತ್ತಿತ್ತು. ಚಾಮರಾಜನಗರದ ನಮ್ಮ ಕಾಲೇಜಿನಲ್ಲಿ ಅವರಿಂದ ಡಸ್ಟರ್ ಏಟು ತಿನ್ನದ ಹುಡುಗರಿರಲಿಲ್ಲ. ಹುಡುಗಿಯರಿಗೆ ಬೈಗುಳ ಮಾತ್ರ. ಅದು ಏಟಿಗಿಂತ ಉರಿಯುತ್ತಿತ್ತು.

ಅವರ ಸಿಟ್ಟೆಲ್ಲ ಒಂದು ಅಕ್ಷರದ ಮೇಲೆ. ಉಷ್ಣತೆ ಏರಿದರೆ ಒತ್ತಡ ಎಷ್ಟು ಏರುತ್ತದೆ ಎಂಬ ಡಿರಿವೇಟಿವನ್ನು ಬ್ರಾಕೆಟ್ಟಿನೊಳಗೆ ಬರೆದು, ಅದರ ಕಾಲಬುಡದಲ್ಲಿ ಚಿಕ್ಕದಾಗಿ 'ವಿ' ಹಾಕಬೇಕು, ಗಾತ್ರ ಬದಲಾಗುತ್ತಿಲ್ಲ ಎಂದು. ಟೆಸ್ಟಿನಲ್ಲಿ ನಾನು ಅದನ್ನು ಬಿಟ್ಟೆ. ಪೇಪರ್ ಹರಿದು ನನ್ನ ಮುಖಕ್ಕೆ ಎಸೆದರು. ಸಿಟ್ಟು ಬಂದರೆ ಅವರ ಬಾಯಲ್ಲಿ ಊರ ಮಾತೇ.

"ಆ ವೀ ಅಂದ್ರೆ ಮುಚ್ಚಳ ಕಣಮ್ಮಿ. ಮುಚ್ಚಳ ಆಕಿದ್ದೀಯೋ ಇಲ್ವೋ ಅಂತ ಯೋಳ್ದೇನೆ ಲೆಕ್ಕ ಮಾಡ್ಬುಟ್ರೆ ಜನ ಸಾಯ್ತಾರೆ."

ಒಂದಕ್ಷರಕ್ಕೆ ಯಾರು ಸಾಯುತ್ತಾರೆ ಎಂದು ಬಸ್ಸಿನಲ್ಲಿ ನಕ್ಕಿದ್ದೆವು. ಆ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಅರಿಸಿನ ಬೇಯಿಸುವ ದಿನ ಕಾಲೇಜು ತಪ್ಪಿಸಿ ಭೀಮನಬೀಡಿನ ನಮ್ಮ ಹೊಲದಲ್ಲೇ ಉಳಿದೆ. ತಪ್ಪಿಸಿಕೊಂಡವರನ್ನು ಹುಡುಕಿ ಬಂದು ಬೈಯುವುದು ಮೇಷ್ಟ್ರ ಪದ್ಧತಿ. ಗುಂಡ್ಲುಪೇಟೆಯ ತಮ್ಮ ಮನೆಗೆ ಹೋಗುವ ಮೊದಲು ಬೈಕಿನಲ್ಲಿ ಬಂದಿಳಿದರು. ಬೆಂದ ಅರಿಸಿನ ಸುರಿಯಲೆಂದು, ಬಾಡಿಗೆ ಬಾಯ್ಲರಿನಿಂದ ಅರಿಸಿನದ ಡ್ರಮ್ಮಿಗೆ ಆವಿ ಹೋಗುವ ಪೈಪನ್ನು ಮುಚ್ಚಿದ್ದರು. ಹೆಚ್ಚಾದ ಆವಿ ಬಿಡುವ ವಾಲ್ವು ಸೀಟಿ ಹೊಡೆಯುತ್ತಿತ್ತು. ಆವಿ ಸುಮ್ಮನೆ ಪೋಲಾಗುತ್ತದಲ್ಲ ಎಂದು ಅಪ್ಪ ಅದನ್ನು ಅದುಮಿ ತಂತಿ ಬಿಗಿದ. ಕೆಳಗೆ ಬೆಂಕಿ ಧಗಧಗ ಉರಿಯುತ್ತಲೇ ಇತ್ತು.

ಮೇಷ್ಟ್ರು ನನ್ನನ್ನು ನೋಡಲೇ ಇಲ್ಲ, ತಂತಿ ನೋಡಿದರು. ಎಲ್ಲರೂ ದೂರ ಓಡಿ ಎಂದು ಅರಚಿದರು. ಕೇಳೋಕೆ ನೀನ್ಯಾರು ಎಂದು ಅಪ್ಪ ಬಾಯ್ಲರಿನ ಪಕ್ಕವೇ ಎದೆ ಸೆಟೆಸಿ ನಿಂತ. ಮೇಷ್ಟ್ರು ಸೌದೆ ಎತ್ತಿ ಅವನ ಬೆನ್ನಿಗೆ ಬಾರಿಸಿ, ಬಿದ್ದವನನ್ನು ಅಂಗಿ ಹಿಡಿದು ದರದರ ಎಳೆದು ಬದುವಿನಾಚೆ ಕೆಡವಿದರು. ಡ್ರಮ್ಮಿನ ಹತ್ತಿರ ಕೂಲಿಯ ಹೆಂಗಸೊಬ್ಬಳು ದಿಕ್ಕು ತೋಚದೆ ನಿಂತಿದ್ದಳು. ಮತ್ತೆ ಓಡಿದರು, ಅವಳನ್ನು ಜಾಡಿಸಿ ತಳ್ಳಿದರು. ಅಷ್ಟರಲ್ಲಿ ಬಾಯ್ಲರ್ ಸಿಡಿಯಿತು.

ಅವಳ ಕಾಲು ಬೆಂದವು, ಜೀವ ಉಳಿಯಿತು. ಮೇಷ್ಟ್ರನ್ನು ಗೋಣಿತಾಟಿನಲ್ಲಿ ಸುತ್ತಿ ಎತ್ತಬೇಕಾಯಿತು.

ಅಪ್ಪನ ಬೆನ್ನಲ್ಲಿ ಬಾಸುಂಡೆ ಎದ್ದಿತ್ತು. ಎಣ್ಣೆ ಹಚ್ಚಲು ಬಂದ ಅವ್ವನ ಕೈಯನ್ನು ತಳ್ಳಿಬಿಟ್ಟ.

"ಬುಡಮ್ಮಿ, ಅದು ಮಾಯಬಾರ್ದು."

ಮೇಷ್ಟ್ರ ತಿಥಿಯ ಹೊತ್ತಿಗೆ ಅದು ಮಾಯ್ದಿತ್ತು. ಅಪ್ಪ ಕನ್ನಡಿಗೆ ಬೆನ್ನು ಮಾಡಿ ಹುಡುಕಿ ನೋಡಿ, ಕಾಣದೆ, ಗೋಳೋ ಎಂದು ಅತ್ತ.