ಎರಡು ಭೋಂಗಾ

ಮೊನ್ನೆ ಟೀವಿ ರಿಪೇರಿ ಅಂಗಡಿಯಲ್ಲಿ ಕಾದ ಬೆಸುಗೆ ಕಡ್ಡಿ ರಾಳಕ್ಕೆ ತಾಗಿ ಹೊಗೆ ಎದ್ದಿತು. ಆ ವಾಸನೆಗೆ ನಮ್ಮ ಪಕ್ಕದ ಮನೆಯ ರೇಡಿಯೋ ಕಾಕಾ ನೆನಪಾದರು.

ಸಂಸ್ಥಾನಗಳ ಕಾಲ ಮುಗಿಯುತ್ತ ಬಂದಿತ್ತು. ನಾನು ಬನಹಟ್ಟಿಗೆ ಹೊಸದಾಗಿ ಸೊಸೆಯಾಗಿ ಬಂದಿದ್ದೆ. ಕಾಕಾ ಸೊಲ್ಲಾಪುರದಲ್ಲಿ ಕೆಲಸ ಕಲಿತು ಬಂದವರು. ಉಳ್ಳವರ ಮನೆಯ ರೇಡಿಯೋ, ಮದುವೆಗಳಲ್ಲಿ ಕಂಬಕ್ಕೆ ಕಟ್ಟುವ ಧ್ವನಿವರ್ಧಕದ ಭೋಂಗಾ ಎಲ್ಲ ಅವರದೇ ಉಸ್ತುವಾರಿ. ಅವರೂ ಅವರ ಹೆಂಡತಿ ಕಾಕುವೂ ಹರಟುವುದು, ನಗುವುದು ಗೋಡೆಯಾಚೆಯಿಂದ ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು. ಗಂಡಹೆಂಡಿರು ಅಷ್ಟೊಂದು ಮಾತಾಡಬಹುದೆಂದು ನನಗೆ ಗೊತ್ತಾದದ್ದೇ ಅವರಿಂದ...

ಊರ ಸಾಹುಕಾರನ ಮಗಳ ಮದುವೆ ಬಂತು. ತಾನು ಆಡಿದ ಮಾತು ಇಡೀ ಊರಿಗೆ ಒಮ್ಮೆಲೇ ಕೇಳಬೇಕೆಂದು ಅವನ ಹಟ. ಚಪ್ಪರದ ಮುಂದೊಂದು ಭೋಂಗಾ, ಊರಾಚೆ ರಬಕವಿ ದಾರಿಗೆ ಇನ್ನೊಂದು.

"ಬ್ಯಾಡ್ರೀ ಸಾವಕಾರ್ರ," ಎಂದರು ಕಾಕಾ. "ತಂತ್ಯಾಗ ಮಾತು ಒಮ್ಮೆಲೇ ಹೋಗತೈತಿ. ದೂರದ ಭೋಂಗಾದಿಂದ ಗಾಳ್ಯಾಗ ತಡಾ ಮಾಡಿ ಬರತೈತಿ. ಒಂದ ಮಾತು ಎರಡ ಸಲ ಕೇಳತೈತ್ರಿ."

"ಹೇಳಿದಷ್ಟ ಮಾಡಲೇ."

ಮದುವೆಯ ದಿನ ಸಾಹುಕಾರ ಮೈಕಿನ ಮುಂದೆ ನಿಂತು "ಬಂಧುಗಳೇ" ಎಂದ. ತುಸು ತಡೆದು ಊರಾಚೆಯಿಂದ ಅವನದೇ ದನಿ "ಬಂಧುಗಳೇ" ಎಂದಿತು. ಯಾರೋ ಅಣಕಿಸುತ್ತಿದ್ದಾರೆಂದು ಕೆರಳಿದ.

"ಯಾವನಲೇ ಅಂವಾ?"

"ಯಾವನಲೇ ಅಂವಾ?" ದೂರದ ಭೋಂಗಾ ಕೇಳಿತು.

ಚಪ್ಪರಕ್ಕೆ ಚಪ್ಪರವೇ ಬಿದ್ದು ಬಿದ್ದು ನಕ್ಕಿತು. ಬೀಗರೂ ನಕ್ಕರು.

ಸಾಹುಕಾರನ ಆಳುಗಳು ಕಾಕಾನನ್ನು ಚಪ್ಪರದ ಮುಂದಿನ ಕಂಬಕ್ಕೆ ಕಟ್ಟಿದರು. ಭೋಂಗಾ ಕೆಳಗಿಳಿಸಿ, ಅದರ ಬಾಯನ್ನು ಅವರ ಕಿವಿಗೆ ಒತ್ತಿ ಬಿಗಿದು, ದನಿ ಪೂರ್ತಿ ಏರಿಸಿ ಹಾಡಿನ ಪ್ಲೇಟು ಹಚ್ಚಿದರು. ಒಂದು ಕಿವಿ ಆದಮೇಲೆ ಇನ್ನೊಂದು... ಪಂಕ್ತಿಯಲ್ಲಿ ಕೂತವರು ಬುಂದೆ ಕೇಳಿ ಹಾಕಿಸಿಕೊಂಡರು.

ಕಾಕು ಓಡಿ ಬಂದು ಸಾಹುಕಾರನ ಕಾಲು ಹಿಡಿದರು. ಅವನು ಅವರನ್ನು ಎಬ್ಬಿಸಿ ಮೈಕಿನ ಮುಂದೆ ನಿಲ್ಲಿಸಿದ.

"ಇದರಾಗ ಹೇಳು. ಊರಿಗೆಲ್ಲಾ ಕೇಳಲಿ."

"ಬಿಡ್ರೀ ಯಪ್ಪಾ, ನಮ್ಮವರದೇನೂ ತಪ್ಪಿಲ್ರೀ..."

ಆ ಅಳು ಗಂಡನ ಕಿವಿಯೊಳಗೇ ಸಿಡಿಯಿತು. ಕಾಕಾ ಚೀರಿದರು. ಅದೇ ಅಳು ಊರಾಚೆಯಿಂದ ಮತ್ತೊಮ್ಮೆ ಬಂದಾಗ ಜನ ಮತ್ತೆ ನಕ್ಕರು.

ಸಂಜೆ ಬಿಚ್ಚುವಾಗ ಕುತ್ತಿಗೆಯವರೆಗೆ ರಕ್ತ ಇಳಿದಿತ್ತು. ಆಮೇಲೆ ಕಾಕಾನಿಗೆ ಏನೂ ಕೇಳಲಿಲ್ಲ. ಕಸುಬು ಹೋಯಿತು. ಕಾಕು ನೇಕಾರರ ಮನೆಗಳಿಗೆ ನೂಲು ಸುತ್ತಿಕೊಟ್ಟು ಹೊಟ್ಟೆ ಹೊರೆದರು. ಗೋಡೆಯಾಚೆಯ ಮಾತು ನಿಂತಿತು. ಕೈಸನ್ನೆಯಲ್ಲೇ ಸಂಸಾರ ನಡೆಯಿತು.

ಒಂದು ಮಧ್ಯಾಹ್ನ "ಏನ್ರೀ... ಬರ್ರೀ ಇಲ್ಲಿ..." ಎಂದು ಕಾಕು ಕೂಗುವುದು ಕೇಳಿ ನಾನು ಓಡಿದೆ. ಕಾಕಾ ಬೀದಿಗೆ ಮುಖ ಮಾಡಿ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಒಲೆಯ ಮುಂದೆ ಕಾಕು ಎದೆ ಹಿಡಿದುಕೊಂಡು ಬಿದ್ದಿದ್ದರು. ಅವರ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೆಣದ ಪಕ್ಕದಲ್ಲಿ ಕೂತು ಕಾಕಾ ನನ್ನ ಮುಖವನ್ನೇ ನೋಡುತ್ತ ಕೇಳಿದರು.

"ನನ್ನ ಕರದಳೇನವ್ವಾ?"

ಇಲ್ಲವೆಂದು ತಲೆಯಾಡಿಸಿದೆ.

ಕಾಕಾ ಬಹಳ ದಿನ ಉಳಿಯಲಿಲ್ಲ. ಆ ಮನೆ ಕೆಡವಿದ ಜಾಗದಲ್ಲಿ ಈಗ ಪವರ್‌ಲೂಮುಗಳ ಸದ್ದು. ಹತ್ತಿರ ನಿಂತು ಮಾತಾಡಿದರೂ ಕೇಳುವುದಿಲ್ಲ. ಕಾಕುವಿನ ಆ ಕೊನೆಯ ಕೂಗು ಮಾತ್ರ ನನ್ನ ಕಿವಿಯಲ್ಲಿ ಹಾಗೇ ಇದೆ. ಅದು ಮುಟ್ಟಬೇಕಾಗಿದ್ದದ್ದು ನನಗಲ್ಲ...